ಕೂತವರ ದಾರಿ

ನಮ್ಮೂರಿನಲ್ಲಿ ಬಯಲಿಗೆ ಹೋಗಿ ಬಂದವರನ್ನು ದಾರಿ ಹೇಗಿತ್ತು ಎಂದು ಕೇಳುವ ಹಾಗಿಲ್ಲ. ಊಟ ಆಯಿತೇ ಎಂದು ಕೇಳಿ, ಬಿಸಿಲು ಜೋರಿತ್ತೇ ಎಂದು ಕೇಳಿ, ಗಾಡಿಯ ರಿಮ್ ಸೊಟ್ಟಗಾಗಿರುವುದು ಕಣ್ಣಿಗೆ ರಾಚುತ್ತಿದ್ದರೂ ಆಕಾಶ ನೋಡಿಕೊಂಡು ನಿಂತಿರಿ, ಅದು ಮರ್ಯಾದೆ. ಯಾಕೆಂದರೆ ನಮ್ಮ ಬಯಲಿಗೆ ತನ್ನದೇ ಆದ ದಾರಿ ಅಂತ ಇಲ್ಲ. ಊರ ಕೊನೆಯ ಕಟ್ಟೆಯ ಮೇಲೆ ಯಾರಾದರೂ ನಮ್ಮನ್ನು ನೆನೆಯುತ್ತ ಕೂತರೆ ಮಾತ್ರ ಗಡಿಕಲ್ಲಿನಿಂದ ಆಚೆಗೆ ದಾರಿ ಬಿಚ್ಚಿಕೊಳ್ಳುತ್ತದೆ. ಕೂತವರ ಮನಸ್ಸಿನಲ್ಲಿ ನಾವು ಹೇಗಿದ್ದೇವೋ ದಾರಿಯೂ ಹಾಗೇ. ತಾಯಿ ಕೂತರೆ ಅಲ್ಲಲ್ಲಿ ನೆರಳು. ಬೀಗರು ಕೂತರೆ ನೋಡಲು ಚೆಂದ, ಕಾಲಿಟ್ಟರೆ ಹೂತುಹೋಗುವ ಮಣ್ಣು. ಹೊಸದಾಗಿ ಮದುವೆಯಾದವಳು ಕೂತರೆ ದಾರಿ ಎಷ್ಟು ಗಿಡ್ಡವೆಂದರೆ, ಹೋದವನು ಹೋದ ಕೆಲಸವನ್ನೇ ಮರೆತು ಮನೆಗೆ ಬಂದುಬಿಟ್ಟಿರುತ್ತಾನೆ. ಆದರೆ ಕಟ್ಟೆಯಿಂದ ಕಣ್ಣಿಗೆ ನಿಲುಕುವ ಮೊದಲ ತುಂಡು ಬಿಟ್ಟರೆ, ಕೂತವರಿಗೆ ತಾವು ಹಾಸಿದ ದಾರಿ ಕಾಣುವುದಿಲ್ಲ. ಅದು ಹೋದವನಿಗಷ್ಟೇ ಗೊತ್ತು, ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಂಸಾರ ನಡೆಯುತ್ತದೆ.

ನನ್ನ ಹೆಸರು ಪಾಲಾಕ್ಷ. ಬಾಯಿ ಮುಚ್ಚಿಕೊಂಡಿರುವುದು ನನ್ನ ಕಸುಬಿಗೆ ಆಗಿಬರುವುದಿಲ್ಲ. ಮೋಟರ್‌ಸೈಕಲ್ ಕಂಪನಿಯವರು ಹೊಸ ಗಾಡಿಯನ್ನು ಮಾರಾಟಕ್ಕೆ ಬಿಡುವ ಮೊದಲು ಇಲ್ಲಿಗೆ ತರುತ್ತಾರೆ. ನಾನು ಅದನ್ನು ಬಯಲು ದಾಟಿಸಿ ಆಚೆಯ ಉಪ್ಪಿನ ಗುಡಿಸಲುಗಳ ತನಕ ಓಡಿಸಿಕೊಂಡು ಹೋಗಿ, ವಾಪಸ್ಸು ತಂದು, ಎಲ್ಲಿ ಏನು ಕಿರುಗುಟ್ಟಿತು, ಎಲ್ಲಿ ಏನು ಸಡಿಲವಾಯಿತು ಎಂದು ಒಂದೂ ಬಿಡದೆ ಹೇಳುತ್ತೇನೆ. ಕಾಡುಮೇಡು ಹತ್ತುವ ಸಾಹಸದ ಗಾಡಿಗಳು ಇವು. ಎತ್ತರದ ಸೀಟು, ಅಗಲದ ಹ್ಯಾಂಡಲ್ಲು, ಹಲ್ಲುಹಲ್ಲಿನ ಟೈರು. ಇವಕ್ಕೆ ಒಳ್ಳೆಯ ದಾರಿ ಕೊಟ್ಟರೆ ಪರೀಕ್ಷೆ ಎಲ್ಲಿ ಬಂತು? ಕೆಟ್ಟ ದಾರಿ ಬೇಕು. ಕೆಟ್ಟ ದಾರಿ ಬೇಕೆಂದರೆ ಕಟ್ಟೆಯ ಮೇಲೆ ನಮ್ಮನ್ನು ಕಂಡರಾಗದವರು ಕೂರಬೇಕು. ನನಗೆ ದೇವರು ಓಬಳೇಶಪ್ಪನನ್ನು ಕೊಟ್ಟಿದ್ದ.

ಓಬಳೇಶಪ್ಪ ನನ್ನ ಪಕ್ಕದ ಮನೆಯವನು. ನನ್ನ ಸೂರಿನ ನೀರು ಅವನ ಅಂಗಳಕ್ಕೆ ಬೀಳುತ್ತದೆ, ಜಗಳಕ್ಕೆ ಅಷ್ಟೇ ಕಾರಣ. ಒಂದು ತಗಡು ಮಡಿಚಿ ಕೂರಿಸಿದರೆ ಮುಗಿದುಹೋಗುವ ಕೆಲಸ. ನಾನು ಮಾಡಿಸಲಿಲ್ಲ, ಅವನೂ ಹೆಚ್ಚು ಒತ್ತಾಯ ಮಾಡಲಿಲ್ಲ, ಕೂತಿದ್ದಕ್ಕೆ ಕಂಪನಿ ಅವನಿಗೂ ಕೂಲಿ ಕೊಡುತ್ತಿತ್ತು, ಇಬ್ಬರ ಹೊಟ್ಟೆಪಾಡೂ ಆ ನೀರಿನಲ್ಲೇ ಇತ್ತು ನೋಡಿ. ಪರೀಕ್ಷೆಯ ಹಿಂದಿನ ದಿನ ನಾನು ಅವನ ಬಾಗಿಲಿಗೆ ಹೋಗಿ, ಅವನ ತಾತನಿಂದ ಶುರುಮಾಡಿ ಅವನ ಎಮ್ಮೆಯ ತನಕ ಬೈದು ಬರುತ್ತಿದ್ದೆ. ಸಿಟ್ಟು ಬಿಸಿಬಿಸಿ ಇರಬೇಕಲ್ಲ, ಅದಕ್ಕೆ. ಅವನೂ ಪಂಚೆ ಎತ್ತಿಕಟ್ಟಿ ಬೀದಿಗೆ ಬಂದು ನನ್ನ ಜನ್ಮ ಜಾಲಾಡುತ್ತಿದ್ದ. ಬೆಳಿಗ್ಗೆ ಎದ್ದು ನೇರ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದ. ಅವನ ದಾರಿಯಲ್ಲಿ ಮುರಿಯದೆ ಬಂದ ಗಾಡಿ ಜಗತ್ತಿನಲ್ಲಿ ಎಲ್ಲೂ ಮುರಿಯುವುದಿಲ್ಲ ಎಂದು ಕಂಪನಿಯವರೇ ಹೇಳುತ್ತಿದ್ದರು.

ಹೆಂಡತಿ ಇದ್ದಾಳಲ್ಲ, ಅವಳನ್ನು ಯಾಕೆ ಒಮ್ಮೆಯೂ ಕೂರಿಸುವುದಿಲ್ಲ ಎಂದು ಕಂಪನಿಯ ಇಂಜಿನಿಯರ್ ಲೋಬೊ ಒಂದು ಸಲ ಕೇಳಿದ್ದರು. ನಾನು ನಕ್ಕುಬಿಟ್ಟಿದ್ದೆ. ಹಾಲಮ್ಮ ಕೂತರೆ ದಾರಿ ಬೆಣ್ಣೆಯ ಹಾಗೆ ಆಗಿಬಿಡುತ್ತದೆ ಸಾರ್, ನಿಮ್ಮ ಗಾಡಿಗೆ ಏನು ಪರೀಕ್ಷೆ ಆಗುತ್ತೆ ಎಂದಿದ್ದೆ. ಹಾಲಮ್ಮ ಆಗ ಅಲ್ಲೇ ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಅವಳೂ ನಕ್ಕಳು.

ಈ ಸಲದ ಗಾಡಿ ಮಾತ್ರ ಬೇರೆ ತರಹದ್ದು. ಕಂಪನಿಯವರು ಬಹಳ ವರ್ಷ ಕೂತು ಮಾಡಿದ್ದು. ಇದಕ್ಕೆ ತಕ್ಕ ಕೆಟ್ಟ ದಾರಿ ಇಲ್ಲಿ ಸಿಗದಿದ್ದರೆ ಮುಂದಿನ ಗಾಡಿಗಳನ್ನೆಲ್ಲ ಬೇರೆ ಕಡೆಗೆ ಒಯ್ಯುವುದಾಗಿ ಲೋಬೊ ಮೊದಲೇ ಹೇಳಿದ್ದರು. ಅಂದರೆ ನನ್ನ ಕಸುಬು ಅಲ್ಲಿಗೆ ಮುಗಿದ ಹಾಗೆ. ಅದಕ್ಕೇ ಹಿಂದಿನ ದಿನ ನಾನು ಓಬಳೇಶಪ್ಪನ ಮೇಲೆ ಎಂದೂ ಆಡದ ಮಾತುಗಳನ್ನೆಲ್ಲ ಆಡಿ ಬಂದೆ. ಅವನ ಮುಖ ಕೆಂಪಾಗಿ, ತುಟಿ ಅದುರಿ, ಮಾತೇ ಹೊರಡಲಿಲ್ಲ. ಭಲೇ, ದಾರಿ ಚೆನ್ನಾಗಿ ಕೆಡುತ್ತದೆ ಎಂದುಕೊಂಡು ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ಬೆಳಿಗ್ಗೆ ಗಡಿಕಲ್ಲು ದಾಟಿದಾಗ ಅವನ ದಾರಿ ಎಂದಿನಂತೆಯೇ ಇತ್ತು, ಸ್ವಲ್ಪ ಜಾಸ್ತಿ ಖಾರ ಅಷ್ಟೇ. ಅವನ ದಾರಿ ನನಗೆ ಬಾಯಿಪಾಠ. ಚೇಷ್ಟೆಯ ದಾರಿ ಅದು. ಚೆಂದಾಗಿ ಇಳಿಸಿಕೊಂಡು ಹೋಗಿ ಮುಳ್ಳಿನ ಮೆಳೆಗೆ ನುಗ್ಗಿಸುವುದು, ತಿರುವಿನಲ್ಲಿ ಬೇಕೆಂದೇ ಒಂದು ಗುಂಡುಕಲ್ಲು ಇಡುವುದು, ಹಳ್ಳ ಬಂತೆಂದು ಬ್ರೇಕ್ ಹಾಕಿದರೆ ಅದು ನೆರಳಾಗಿರುವುದು. ನಾನು ಹೆಲ್ಮೆಟ್ಟಿನೊಳಗೇ ಅವನನ್ನು ಬೈಯುತ್ತ, ನಗುತ್ತ ಹೋಗುತ್ತಿದ್ದೆ. ಗಾಡಿಯೂ ಸೊಗಸಾಗಿತ್ತು. ಎಂಥ ಗುಂಡಿಗೆ ಬಿದ್ದರೂ ಶಾಕ್‌ಅಬ್ಸಾರ್ಬರ್ ಗಪ್ಪೆಂದು ನುಂಗಿಕೊಳ್ಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನೆಲ ಒಮ್ಮೆ ಜಗ್ಗಿತು. ಕೂತವರು ಬದಲಾದಾಗ ಹಾಗಾಗುತ್ತದೆ ಎಂದು ಕೇಳಿದ್ದೆ, ಆದರೆ ಓಬಳೇಶಪ್ಪ ಎಂದೂ ಮಧ್ಯದಲ್ಲಿ ಬದಲಾದವನಲ್ಲ. ಹಾಗಾಗಿ ಗಾಡಿಯ ಹಿಂದಿನ ಚಕ್ರವೇ ಜಾರಿರಬೇಕು ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಮುಂದಿನ ದಾರಿ ನಾನು ಕಂಡ ದಾರಿಯೇ ಅಲ್ಲ.

ಮುಳ್ಳಿಲ್ಲ, ಚೇಷ್ಟೆಯಿಲ್ಲ. ಎರಡು ಆಳದ ಗಾಲಿಗೆರೆ, ಒಂದಕ್ಕೆ ಸಿಕ್ಕಿಕೊಂಡರೆ ಹೊರಬರುವ ಮಾತೇ ಇಲ್ಲ. ಅದರ ಆಚೆ ಮೆಟ್ಟಿಲುಗಳು. ಬಯಲಿನಲ್ಲಿ ಮೆಟ್ಟಿಲು ಕಂಡವರು ಯಾರಾದರೂ ಇದ್ದಾರೆಯೇ? ಹತ್ತುವುದು, ಇಳಿಯುವುದು, ಮತ್ತೆ ಅಷ್ಟೇ ಹತ್ತುವುದು, ಅಷ್ಟೇ ಇಳಿಯುವುದು, ಎಲ್ಲಿಗೂ ಸೇರಿಸದ ಮೆಟ್ಟಿಲು. ಅದು ಮುಗಿದರೆ ಒಂದು ಒಂಟಿ ಜಾಲಿಮರ. ಅದನ್ನು ದಾಟಿ ಹೋದರೆ ದಾರಿ ಸುತ್ತಿಕೊಂಡು ಅದೇ ಮರಕ್ಕೆ ಬರುತ್ತಿತ್ತು. ಮತ್ತೆ ಹೋದರೆ ಮತ್ತೆ ಅದೇ ಮರ. ಪೆಟ್ರೋಲು ಸುಡುತ್ತಿತ್ತು, ಕೈ ಮರಗಟ್ಟುತ್ತಿತ್ತು. ಕೊನೆಗೊಮ್ಮೆ ಆ ಮರ ನನ್ನನ್ನು ಬಿಟ್ಟುಕೊಟ್ಟರೆ ಮುಂದೆ ಒಂದು ಟೈರಿನಷ್ಟೇ ಅಗಲದ ಏಣು, ಎರಡೂ ಕಡೆ ತಳ ಕಾಣದ ಕೊರಕಲು. ಅದರ ಮೇಲೆ ಗಾಡಿಯನ್ನು ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಹೋಗುವಾಗ ನನ್ನ ಹಲ್ಲು ಕಟಕಟಿಸಿದ್ದು ಚಳಿಗಲ್ಲ. ಇಷ್ಟು ವರ್ಷದಲ್ಲಿ ಬಯಲಿನಲ್ಲಿ ನಾನು ಹೆದರಿದ್ದು ಅದೇ ಮೊದಲು. ಅಯ್ಯೋ ಪರಮೇಶ್ವರ, ಇವನ ಎದೆಯೊಳಗೆ ನನ್ನ ಮೇಲೆ ಇಂಥದ್ದೊಂದು ಇತ್ತೇ, ಸೂರಿನ ನೀರಿಗೆ ಇಷ್ಟೊಂದೇ ಎಂದು ಗಾಬರಿಯಾದೆ. ಬೈಗುಳವೇನೂ ಬಾಯಿಗೆ ಬರಲಿಲ್ಲ.

ಕೂತವರು ನಿದ್ದೆ ಹೋದರೆ ದಾರಿ ಸಡಿಲವಾಗಿ ಮರಳಾಗುತ್ತದೆ. ಆಗ ಸವಾರನೂ ಗಾಡಿ ಮಲಗಿಸಿ ಪಕ್ಕದಲ್ಲಿ ಮಲಗಬೇಕು, ಅದು ರೂಢಿ. ಕೂತವರು ಎದ್ದೇ ಹೋದರೆ ಮಾತ್ರ ದಾರಿಯೂ ಇಲ್ಲ, ಸವಾರನೂ ಇಲ್ಲ. ಹಾಗೆ ಹೋದವರ ಹೆಸರನ್ನು ನಮ್ಮೂರಿನಲ್ಲಿ ಎತ್ತುವುದಿಲ್ಲ. ಆ ಪ್ರಯಾಣದ ಎರಡು ರಾತ್ರಿಯೂ ನಾನು ಮರಳಿಗಾಗಿ ಕಾದೆ, ಮರಳು ಬರಲೇ ಇಲ್ಲ. ಕೂತವರು ಕಣ್ಣು ಮುಚ್ಚಲೇ ಇಲ್ಲ. ಉಪ್ಪಿನ ಗುಡಿಸಲು ಮುಟ್ಟಿ, ನೀರು ಕುಡಿದು, ಅದೇ ಏಣು, ಅದೇ ಜಾಲಿಮರ, ಅದೇ ಮೆಟ್ಟಿಲುಗಳ ಮೇಲೆ ವಾಪಸ್ಸು ಬಂದೆ. ಚಕ್ರದ ಹತ್ತಾರು ಕಡ್ಡಿ ಸಡಿಲವಾಗಿದ್ದವು, ಸೈಲೆನ್ಸರ್ ಚಪ್ಪಟೆಯಾಗಿತ್ತು, ಒಂದು ಕನ್ನಡಿ ಎಲ್ಲಿ ಬಿತ್ತೋ ತಿಳಿಯದು. ಆದರೆ ಚೌಕಟ್ಟು ಗಟ್ಟಿಯಾಗಿತ್ತು, ಇಂಜಿನ್ ಕೆಮ್ಮದೆ ಓಡುತ್ತಿತ್ತು. ಗಡಿಕಲ್ಲು ಕಂಡ ತಕ್ಷಣ ನನ್ನ ಹೆದರಿಕೆಯೆಲ್ಲ ಹಾರಿಹೋಗಿ ಹೆಮ್ಮೆ ತುಂಬಿಕೊಂಡಿತು. ಗಾಡಿ ಪಾಸಾಗಿತ್ತು, ನನ್ನ ಕಸುಬು ಉಳಿದಿತ್ತು.

ಇಳಿಹೊತ್ತು. ಕಟ್ಟೆಯ ಸುತ್ತ ಜನ ನೆರೆದಿದ್ದರು. ಬಾಯಿಬಿಟ್ಟು ಮಾತಾಡಬಹುದಾದ ದಾರಿ ನಮ್ಮೂರಿನಲ್ಲಿ ಅದೊಂದೇ, ಓಬಳೇಶಪ್ಪನದು. ಅದಕ್ಕೇ ನಾನು ವರದಿ ಒಪ್ಪಿಸುವುದನ್ನು ಕೇಳಲು ಜನ ಕಡಲೆಕಾಯಿ ತಿನ್ನುತ್ತ ಬಂದು ಕೂರುತ್ತಾರೆ. ಹಾಲಮ್ಮ ಕಟ್ಟೆಯ ಮೇಲೆ ಕಾಲು ಮಡಿಚಿ ಕೂತಿದ್ದಳು. ನನ್ನನ್ನು ಎದುರುಗೊಳ್ಳಲು ಬಂದಿದ್ದಾಳೆ, ಓಬಳೇಶಪ್ಪ ಉಣ್ಣಲು ಹೋಗಿರಬೇಕು ಎಂದುಕೊಂಡೆ. ಲೋಬೊ ಆಗಷ್ಟೇ ಪೇಟೆಯಿಂದ ಜೀಪಿನಲ್ಲಿ ಬಂದು ಇಳಿದಿದ್ದರು. ಅವರು ಗಾಡಿಯ ಪಕ್ಕ ಮಂಡಿಯೂರಿ ಕೂತರು, ನಾನು ಶುರುಮಾಡಿದೆ.

ಬಹಳ ಚೆನ್ನಾಗಿ ಹೇಳಿದೆ, ಸುಳ್ಳೇಕೆ. ಮೆಟ್ಟಿಲುಗಳನ್ನು ಕೈಯಲ್ಲಿ ಹತ್ತಿಳಿದು ತೋರಿಸಿದೆ. ಜಾಲಿಮರದ ಸುತ್ತ ಗಾಡಿ ಗಾಣದೆತ್ತಿನ ಹಾಗೆ ತಿರುಗಿದ್ದನ್ನು ನಟಿಸಿದೆ. ಏಣಿನ ಮೇಲೆ ನನಗೆ ಕಣ್ಣೀರು ಬಂದದ್ದನ್ನೂ ಮುಚ್ಚಿಡದೆ ಹೇಳಿದೆ. ಇಂಥ ದಾರಿ ಹಾಸಬೇಕಾದರೆ ಮನುಷ್ಯನ ಒಳಗೆ ಎಷ್ಟು ಕಾಲದಿಂದ ಎಷ್ಟೆಲ್ಲ ಹೆಪ್ಪುಗಟ್ಟಿರಬೇಕು, ಓಬಳೇಶಪ್ಪ ಮೊದಲೆಲ್ಲ ನನ್ನ ಹತ್ತಿರ ಆಟವಾಡುತ್ತಿದ್ದ, ಈ ಸಲ ನಿಜ ತೋರಿಸಿದ ಎಂದೆ. ಯಾರೂ ನಗಲಿಲ್ಲ. ನಾನು ಇನ್ನಷ್ಟು ಜೋರಾಗಿ ಹೇಳಿದೆ. ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದಳು, ಅವಳ ಹಿಂದೆ ಇನ್ನಿಬ್ಬರು ಹೋದರು. ಉಳಿದವರು ಆಕಾಶ ನೋಡತೊಡಗಿದರು. ಇವರಿಗೆಲ್ಲ ಏನು ಬಂತಪ್ಪ ಎಂದು ನನಗೆ ಸಿಟ್ಟು ಬಂತು.

ಓಬಳೇಶಪ್ಪ ಎಲ್ಲಿ, ಅವರನ್ನು ಅಭಿನಂದಿಸಬೇಕು ಎಂದು ಲೋಬೊ ಕೇಳಿದರು. ಹಾಲಮ್ಮ ಕೂತಲ್ಲಿಂದಲೇ ಉತ್ತರ ಕೊಟ್ಟಳು.

"ಇವ್ರು ಹೊರಟ ದಿನ ಮಧ್ಯಾಹ್ನಾನೇ ಅವ್ರು ಎದೆ ಹಿಡ್ಕೊಂಡು ವಾಲಿದ್ರು. ಅವ್ರನ್ನ ಎತ್ತೋಕೆ ಮುಂಚೆ ಯಾರಾದ್ರೂ ಕೂರ್ಬೇಕಿತ್ತು. ನಾನು ಕೂತೆ. ಆಗಿಂದ ಕೂತಿರೋಳು ನಾನೇ."

ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಏಣಿನ ಅಗಲ ತೋರಿಸುತ್ತ. ಅದನ್ನು ಇಳಿಸಬೇಕೆಂದು ಹೊಳೆಯಲಿಲ್ಲ. ಅವಳನ್ನು ನೋಡಿದೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ಅಲ್ಲ ಅದು. ಅವಳಿಗೂ ಈಗಷ್ಟೇ ಗೊತ್ತಾಗಿತ್ತು, ಅದೂ ನನ್ನ ಬಾಯಿಂದ, ಊರವರೆಲ್ಲರ ಎದುರು, ಒಂದೊಂದು ಮೆಟ್ಟಿಲನ್ನೂ ಬಿಡದೆ.

"ನಾನು ನಿಮ್ಮನ್ನ ಒಳ್ಳೇದಾಗೇ ನೆನೆಸ್ಕೋತಿದೀನಿ ಅಂದ್ಕೊಂಡಿದ್ದೆ ಕಣ್ರೀ," ಎಂದಳು.

ಲೋಬೊ ಒಳ್ಳೆಯ ಮನುಷ್ಯ, ಆದರೆ ಹೊರಗಿನವರು. ಗಾಡಿ ಗೆದ್ದಿದೆ, ಮುಂದಿನ ಪರೀಕ್ಷೆಗಳಿಗೂ ಇವರನ್ನೇ ಕೂರಿಸಬಹುದಲ್ಲ ಎಂದರು. ಓಬಳೇಶಪ್ಪ ಬದುಕಿದ್ದಾನೆ, ಆಸ್ಪತ್ರೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾನೆ ಎಂದು ಯಾರೋ ಹೇಳಿದರು. ಅದು ಕೇಳಿ ಸಮಾಧಾನವಾಯಿತು, ಆದರೆ ಆ ಸಮಾಧಾನವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದೆ. ನಿನಗೆ ಏನು ಕಡಿಮೆ ಮಾಡಿದ್ದೇನೆ, ಕುಡಿಯುತ್ತೇನೆಯೇ, ಹೊಡೆಯುತ್ತೇನೆಯೇ, ಒಂದು ದಿನ ಕೈಯೆತ್ತಿದ್ದುಂಟೇ ಎಂದು ಕೇಳಿದೆ. ಅವಳು ಇಲ್ಲ ಎಂದಳು. ಮತ್ತೆ ಯಾಕೆ ಆ ಮೆಟ್ಟಿಲು, ಆ ಮರ, ಆ ಏಣು ಎಂದರೆ ಅವಳು ನನಗೂ ಗೊತ್ತಿಲ್ಲ ಎಂದಳು. ಅವಳು ಕೂತಲ್ಲಿಂದ ಎದ್ದಿದ್ದರೆ ನಾನು ಸತ್ತಿರುತ್ತಿದ್ದೆ, ಅವಳು ಎದ್ದಿರಲಿಲ್ಲ. ನಿದ್ದೆ ಬಂದರೆ ನಾನು ಮರಳಿನಲ್ಲಿ ಹೂತುಹೋದೇನೆಂದು ಹೆದರಿ ಕಣ್ಣಿಗೆ ನೀರು ಚಿಮುಕಿಸಿಕೊಳ್ಳುತ್ತ ಕೂತಿದ್ದಳಂತೆ. ಮರಳು ಬಂದರೆ ಸವಾರರು ಮಲಗುತ್ತಾರೆ ಎಂಬ ರೂಢಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನನ್ನು ಉಳಿಸಿದವಳೂ ಅವಳೇ, ಆ ಏಣಿನ ಮೇಲೆ ನಿಲ್ಲಿಸಿದವಳೂ ಅವಳೇ. ಇದರಲ್ಲಿ ಯಾವುದಕ್ಕೆ ಸಿಟ್ಟಾಗಬೇಕು ಎಂದು ತಿಳಿಯದೆ ಗೋಡೆ ನೋಡುತ್ತ ಬಿದ್ದುಕೊಂಡೆ.

ಇವತ್ತು ಬೆಳಿಗ್ಗೆ ಅವಳು ರೊಟ್ಟಿ ತಟ್ಟುವುದನ್ನು ಅರ್ಧಕ್ಕೇ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ನನ್ನೆದುರು ನಿಂತಳು.

"ನಾನೊಂದ್ಸಲ ಉಪ್ಪಿನ ಗುಡಿಸಲಿಗೆ ಹೋಗಿ ಬರ್ತೀನಿ. ನೀವು ಕೂತ್ಕೊಳ್ಳಿ," ಎಂದಳು.

ಯಾಕೆ ಎಂದು ಕೇಳಲಿಲ್ಲ, ನನಗೂ ಅದೇ ಬೇಕಿತ್ತು. ನನ್ನ ಮನಸ್ಸಿನಲ್ಲಿ ಅವಳ ಮೇಲೆ ಒಂದು ಮುಳ್ಳೂ ಇರಲಿಲ್ಲ. ಅವಳು ಬೆಣ್ಣೆಯಂಥ ದಾರಿಯ ಮೇಲೆ ಹೋಗಿ ಬರಲಿ, ಆಗ ನಾಚಿಕೆ ಯಾರಿಗೆ ಆಗಬೇಕೋ ಅವರಿಗೇ ಆಗಲಿ ಎಂದುಕೊಂಡೆ. ಲೋಬೊ ಮೊದಲು ಅನುಮಾನಿಸಿದರೂ ಗಾಡಿ ಕೊಟ್ಟರು. ಕಡ್ಡಿ ಬಿಗಿಮಾಡಿ, ಕನ್ನಡಿ ಹಾಕಿ ಸಿದ್ಧವಾಗಿತ್ತು. ಊರು ಮತ್ತೆ ಕಟ್ಟೆಯ ಹತ್ತಿರ ಸೇರಿತು, ಈ ಸಲ ಯಾರ ಕೈಯಲ್ಲೂ ಕಡಲೆಕಾಯಿ ಇರಲಿಲ್ಲ. ಹಾಲಮ್ಮ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು, ನನ್ನ ಹೆಲ್ಮೆಟ್ ಹಾಕಿಕೊಂಡು, ಗಾಡಿ ಹತ್ತಿ ಗಡಿಕಲ್ಲಿನ ತನಕ ಹೋದಳು. ನಾನು ಕಟ್ಟೆಯ ಮೇಲೆ ಎದೆಯುಬ್ಬಿಸಿ ಕೂತೆ.

ಕೂತ ತಕ್ಷಣ ದಾರಿ ಬಿಚ್ಚಿಕೊಳ್ಳಬೇಕು. ಓಬಳೇಶಪ್ಪ ಕುಂಡಿ ಊರುವ ಮೊದಲೇ ಅವನ ಕಲ್ಲುಗಳು ಮೇಲೇಳುತ್ತಿದ್ದವು. ನಾನು ಕೂತೆ, ಕಣ್ಣು ಮುಚ್ಚಿದೆ, ಹಾಲಮ್ಮ ಎಂದುಕೊಂಡೆ, ಕಣ್ಣು ಬಿಟ್ಟೆ. ಗಡಿಕಲ್ಲಿನ ಆಚೆ ಏನೂ ಇರಲಿಲ್ಲ. ಕಲ್ಲೂ ಇಲ್ಲ, ಮುಳ್ಳೂ ಇಲ್ಲ, ಗಾಲಿಗೆರೆಯೂ ಇಲ್ಲ. ಬಯಲು ಹೇಗಿತ್ತೋ ಹಾಗೇ ಬಿದ್ದುಕೊಂಡಿತ್ತು.

ಜನ ನನ್ನ ಕಡೆ ತಿರುಗಿದರು. ನಾನು ಸರಿಯಾಗಿ ಕೂತುಕೊಂಡು ಮತ್ತೆ ನೆನೆದೆ. ರೊಟ್ಟಿ ನೆನಪಾಯಿತು. ಒಗೆದ ಅಂಗಿ ನೆನಪಾಯಿತು. ನಾನು ಬಂದಾಗ ತೆರೆದುಕೊಳ್ಳುವ ಬಾಗಿಲು, ತುಂಬಿದ ಬಿಂದಿಗೆ, ಒರೆಸಿಟ್ಟ ಹೆಲ್ಮೆಟ್ಟು. ಎಲ್ಲವೂ ನನ್ನವೇ. ಅವುಗಳ ಹಿಂದೆ ಅವಳನ್ನು ಹುಡುಕಿದೆ. ಅವಳಿಗೆ ಯಾವ ಹಣ್ಣು ಇಷ್ಟ? ಒಬ್ಬಳೇ ಇದ್ದಾಗ ಏನು ಗುನುಗುತ್ತಾಳೆ? ಮಳೆ ಬಂದರೆ ಒಳಗೆ ಓಡುತ್ತಾಳೋ, ಹೊರಗೆ ಬರುತ್ತಾಳೋ? ಓಬಳೇಶಪ್ಪ ಎಡಗೈಯಲ್ಲಿ ಮೀಸೆ ತಿರುವುತ್ತಾನೆ, ಸಿಟ್ಟು ಬಂದರೆ ಅವನ ಬಲಗಣ್ಣು ಚಿಕ್ಕದಾಗುತ್ತದೆ, ಅದೆಲ್ಲ ನನಗೆ ಗೊತ್ತು. ನನ್ನ ಹೆಂಡತಿಯನ್ನು ಒಂದು ಚಕ್ರ ಉರುಳುವಷ್ಟು ದೂರವೂ ನಾನು ಬಲ್ಲವನಲ್ಲ. ಅವಳ ದಾರಿಯಲ್ಲಿ ಏಣಾದರೂ ಇತ್ತು, ಕೊರಕಲಾದರೂ ಇತ್ತು. ನನ್ನಲ್ಲಿ ಅದೂ ಇರಲಿಲ್ಲ.

ಹಾಲಮ್ಮ ಗಡಿಕಲ್ಲಿನ ಹತ್ತಿರ ಒಂದು ಕಾಲು ನೆಲಕ್ಕೂರಿ, ಮುಂದಿನ ಖಾಲಿ ಬಯಲನ್ನು ನೋಡುತ್ತ ನಿಂತಿದ್ದಳು. ಆಮೇಲೆ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ.

"ದಾರಿ ಇಲ್ಲ ಕಣ್ರೀ," ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. "ನೀವು ಯೋಚ್ನೆ ಮಾಡಿ. ನಾನು ಇಲ್ಲೇ ನಿಂತಿರ್ತೀನಿ."

ಗಾಡಿಯನ್ನು ಆರಿಸಲಿಲ್ಲ. ಇಂಜಿನ್ ಗುಟುಗುಟು ಎನ್ನುತ್ತಲೇ ಇತ್ತು. ನಾನು ದಿಕ್ಕು ತೋಚದೆ ಅವಳ ಬೆನ್ನನ್ನೇ ನೋಡುತ್ತ ಕೂತೆ. ಅವಳ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ ಸುಮ್ಮನೆ ಇದ್ದವು, ಹಿಡಿದೂ ಹಿಡಿಯದ ಹಾಗೆ. ಹೊಸಬರು ಹಾಗೆ ಹಿಡಿಯುವುದಿಲ್ಲ, ಮುಷ್ಟಿ ಬಿಗಿದು ಹಿಡಿಯುತ್ತಾರೆ. ಇಷ್ಟು ಎತ್ತರದ ಗಾಡಿಯನ್ನು ಅವಳು ಒಂದು ಸಲವೂ ಓಲಾಡಿಸದೆ ಅಲ್ಲಿಯ ತನಕ ಒಯ್ದಿದ್ದಳು, ನಾನದನ್ನು ನೋಡುತ್ತಲೇ ಇದ್ದೆ, ಆದರೂ ಅದು ನನ್ನ ತಲೆಗೆ ಹೋಗಿರಲಿಲ್ಲ. ಎಲಾ ಇವಳ! ಇವಳಿಗೆ ಗಾಡಿ ಓಡಿಸಲು ಬರುತ್ತದೆ. ಯಾವಾಗ ಕಲಿತಳು? ಯಾರ ಗಾಡಿಯಲ್ಲಿ ಕಲಿತಳು? ನಾನು ಬಯಲಿನಲ್ಲಿ ಇದ್ದಾಗಲೇ? ಬಿದ್ದಿದ್ದಳೇ, ಮಂಡಿ ತರಚಿತ್ತೇ, ನಾನು ಬಂದ ಮೇಲೆ ಅದನ್ನು ಸೀರೆಯಲ್ಲಿ ಮುಚ್ಚಿಕೊಂಡು ನನಗೆ ಊಟ ಬಡಿಸಿದ್ದಳೇ?

ಮುಂದಿನ ಚಕ್ರದ ಎದುರು ಒಂದು ಕಲ್ಲು ಎದ್ದಿತು. ಅದರ ಪಕ್ಕ ಒಂದು ಮಾರಿನಷ್ಟು ನೆಲ ದಾರಿಯಾಯಿತು. ಹಾಲಮ್ಮ ಅದನ್ನು ನೋಡಿದಳು, ಗೇರು ಹಾಕಿದಳು, ಕಲ್ಲನ್ನು ಬಳಸಿಕೊಂಡು ಹೋದಳು. ಅವಳು ಹೋದಷ್ಟೂ ದೂರ ಮುಂದೆ ಇನ್ನೊಂದು ಮಾರು ಹುಟ್ಟುತ್ತಿತ್ತು, ಅದರಾಚೆಗೆ ಏನೂ ಇರಲಿಲ್ಲ. ಧೂಳು ಸಣ್ಣದಾಗುತ್ತ ಹೋಗಿ ಕಾಣದಾಯಿತು.

ಆಗಿನಿಂದ ಇಲ್ಲೇ ಕೂತಿದ್ದೇನೆ. ನಿಮ್ಮನ್ನು ನಿಲ್ಲಿಸಿಕೊಂಡು ಇಷ್ಟೆಲ್ಲ ಹೇಳಿದ್ದೂ ಅದಕ್ಕೇ. ಅವಳ ವಿಷಯ ಮಾತಾಡುತ್ತಿರುವ ತನಕ ಅವಳ ಚಕ್ರದ ಮುಂದೆ ನೆಲ ಇರುತ್ತದೆ. ಆದರೆ ನನಗೆ ಗೊತ್ತಿದ್ದದ್ದೆಲ್ಲ ಇಷ್ಟೇ, ಹೇಳಿ ಮುಗಿಯುತ್ತ ಬಂತು, ಅವಳು ಇನ್ನೂ ಬಹಳ ದೂರ ಹೋಗಬೇಕು. ನೀವು ಬೇರೆ ಊರಿನವರಾದರೂ ನೀರಿಗೆ, ಗಿರಣಿಗೆ, ಅಂಗಡಿಗೆ ಎಂದು ಇಲ್ಲಿಗೆ ಬಂದಾಗ ಅವಳನ್ನು ಕಂಡಿರುತ್ತೀರಿ. ನಿಮ್ಮ ಹತ್ತಿರ ಅವಳು ಏನಾದರೂ ಮಾತಾಡಿರುತ್ತಾಳೆ. ಎಷ್ಟು ಸಣ್ಣದಾದರೂ ಪರವಾಗಿಲ್ಲ, ಒಂದು ಹೇಳಿ ಹೋಗಿ.